ಮೊಹಲ್ಲಾಕ್ಕೊಂದು ಮಕ್ಕಳ ಓದುಕೂಟ

2025ರ ಮೇ ತಿಂಗಳಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್‌ರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಲಭಿಸಿತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಮೂಲಕ ಕನ್ನಡದ ಕೃತಿಯೊಂದಕ್ಕೆ ಆ ಮನ್ನಣೆ ದೊರೆತದ್ದು ಅದೇ ಮೊದಲು. ನಾವೆಲ್ಲರೂ ಸಂತೋಷಪಟ್ಟೆವು, ಅಭಿನಂದಿಸಿದೆವು. ಆದರೆ ಅವರ ಬಾಲ್ಯದ ಒಂದು ಸಂಗತಿಯ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ಎಂಟರ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಯೊಂದಕ್ಕೆ ಸೇರಿಸಲಾಯಿತು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬುದು ಷರತ್ತು. ಆ ಬಾಲಕಿಗೆ ಆರು ತಿಂಗಳು ಬೇಕಾಗಲಿಲ್ಲ, ಕೆಲವೇ ದಿನಗಳಲ್ಲಿ ಆಕೆ ಬರೆಯತೊಡಗಿದಳು.

ಹಾಸನದಿಂದ ಅರಸೀಕೆರೆಯ ಮೂಲಕ ಶಿವಮೊಗ್ಗಕ್ಕೆ ಸಾಗುವ ರೈಲು ಕಡೂರು, ಬೀರೂರು, ತರೀಕೆರೆಗಳನ್ನು ಹಾದೇ ಹೋಗಬೇಕು. ಬೀರೂರಿನಲ್ಲಿ ಕವಲೊಡೆಯುವ ಇನ್ನೊಂದು ಹಳಿ ಅಜ್ಜಂಪುರವನ್ನು ಮುಟ್ಟುತ್ತದೆ. ಈ ಊರುಗಳ ಮೊಹಲ್ಲಾಗಳಲ್ಲಿ ಅಂಥ ಎಷ್ಟು ಮಕ್ಕಳಿದ್ದಾರೆ? ಅವರ ಕೈಗೆ ಪುಸ್ತಕ ಕೊಡುವವರು ಯಾರು? ಕೊಟ್ಟ ಪುಸ್ತಕವನ್ನು ಓದಿ ಮುಗಿಸಿದಾಗ 'ನಿನಗೇನನ್ನಿಸಿತು?' ಎಂದು ಕೇಳುವವರಾದರೂ ಯಾರು?

ನಮ್ಮ ಮಕ್ಕಳ ದಿನಚರಿಯನ್ನು ಒಮ್ಮೆ ಅವಲೋಕಿಸೋಣ. ಮುಂಜಾನೆ ಮದ್ರಸ, ಬಳಿಕ ಶಾಲೆ, ಸಂಜೆ ಟ್ಯೂಷನ್. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮದ್ರಸದಲ್ಲಿ ಅರಬಿ. ನಾಲ್ಕು ಭಾಷೆಗಳು, ಮೂರು ಬಗೆಯ ಲಿಪಿಗಳು. ಹತ್ತು ವರ್ಷದ ಮಗುವಿಗೆ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಈ ಮಗು ದಿನವಿಡೀ ಓದುವುದು ಬೇರೆಯವರಿಗೊಪ್ಪಿಸಲು. ಶಾಲೆಯ ಓದು ಅಂಕಕ್ಕಾಗಿ, ಮದ್ರಸದ ಓದು ಪಾಠ ಒಪ್ಪಿಸುವುದಕ್ಕಾಗಿ, ಟ್ಯೂಷನ್ನಿನ ಓದು ನಾಳೆಯ ಪರೀಕ್ಷೆಗಾಗಿ. ತನಗಾಗಿ ಓದುವ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುವ, ಒಪ್ಪದಿದ್ದರೆ ಒಪ್ಪಲಾರೆನೆನ್ನುವ ಅವಕಾಶ ಅದಕ್ಕೆ ಎಲ್ಲಿದೆ? ನಮ್ಮ ಮನೆಗಳ ಎತ್ತರದ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಪವಿತ್ರ ಗ್ರಂಥವಿದೆ. ಕೆಳಗೆ ಪಠ್ಯಪುಸ್ತಕಗಳಿವೆ. ಇವೆರಡರ ನಡುವೆ ಇರಬೇಕಾದ ಕಥೆಯ, ವಿಜ್ಞಾನದ, ಚರಿತ್ರೆಯ, ನಗುವಿನ ಪುಸ್ತಕಗಳ ಸ್ಥಳ ಬಹುತೇಕ ಮನೆಗಳಲ್ಲಿ ಬರಿದಾಗಿದೆ.

ಇದನ್ನು ಸರಿಪಡಿಸಲು ದೊಡ್ಡ ಕಟ್ಟಡವಾಗಲಿ, ಟ್ರಸ್ಟಾಗಲಿ, ದೇಣಿಗೆ ರಶೀದಿಯಾಗಲಿ ಅಗತ್ಯವಿಲ್ಲ. ವಾರಕ್ಕೆ ಒಂದೂವರೆ ಗಂಟೆ, ಎಂಟರಿಂದ ಹನ್ನೆರಡು ಮಕ್ಕಳು, ಒಂದು ಚಾಪೆ, ಕೆಲವು ಪುಸ್ತಕಗಳು ಮತ್ತು ಕೇಳಿಸಿಕೊಳ್ಳುವ ತಾಳ್ಮೆಯುಳ್ಳ ಒಬ್ಬ ಹಿರಿಯರು ಸಾಕು. ಓದು, ಚರ್ಚೆ, ಕೈಕೆಲಸ, ಅಡುಗೆ ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿದ ಮಕ್ಕಳ ಓದುಕೂಟವೊಂದು ಪ್ರತಿಯೊಂದು ಮೊಹಲ್ಲಾದಲ್ಲಿ ಆರಂಭವಾಗಬೇಕು.

ಇದು ಪರದೇಶದಿಂದ ಬಂದ ಹೊಸ ಹುಚ್ಚೆಂದು ಯಾರೂ ಭಾವಿಸಬೇಕಾಗಿಲ್ಲ. ಬಾಲ್ಯದಲ್ಲೇ ವಿಧವೆಯಾಗಿ, ಮುಂದೆ 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲೇ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದ್ದರು. ಶಿವರಾಮ ಕಾರಂತರು ಅದೇ ದಶಕದಲ್ಲಿ ಪುತ್ತೂರಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ಕನ್ನಡದ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು ಬರೆದರು. ಕನ್ನಡದಲ್ಲಿ ಬರೆದ ಮುಸ್ಲಿಮ್ ಲೇಖಕರೂ ಮಕ್ಕಳನ್ನು ಮರೆತವರಲ್ಲ. ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯ ಬಾಲ್ಯದ ಕುರಿತು ಮಕ್ಕಳಿಗಾಗಿ ಬರೆದ ಕೃತಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. ಆ ಪುಸ್ತಕ ನಮ್ಮ ಎಷ್ಟು ಮನೆಗಳಲ್ಲಿದೆ ಎಂಬುದು ಬೇರೆ ಪ್ರಶ್ನೆ.

ಓದುಕೂಟದ ಜೀವಾಳ ಚರ್ಚೆ. ನಮ್ಮಲ್ಲಿ ಕಥೆ ಹೇಳಿದ ತಕ್ಷಣ 'ಇದರ ನೀತಿ ಏನು?' ಎಂದು ಕೇಳುವ ಅಭ್ಯಾಸವಿದೆ. ಆ ಪ್ರಶ್ನೆಗೆ ಒಂದೇ ಉತ್ತರ, ಅದೂ ಹಿರಿಯರ ಬಳಿ ಮೊದಲೇ ಸಿದ್ಧವಾಗಿರುತ್ತದೆ. ಮಗು ಅದನ್ನು ಊಹಿಸುತ್ತದೆಯೇ ಹೊರತು ಯೋಚಿಸುವುದಿಲ್ಲ. ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಶಾಲೆಯಲ್ಲಿ ನಮ್ಮ ಮಕ್ಕಳೂ ಅದನ್ನು ಕಲಿಯುತ್ತಾರೆ, ಪರೀಕ್ಷೆಗೆ ಬರೆದು ಮರೆಯುತ್ತಾರೆ. ಕರುವಿಗೆ ಹಾಲೂಡಿಸಿ ಮರಳಿ ಬರುವೆನೆಂದು ಹುಲಿಗೆ ಕೊಟ್ಟ ಮಾತನ್ನು ಪುಣ್ಯಕೋಟಿ ಉಳಿಸಿಕೊಳ್ಳುತ್ತದೆ. ನಾವು 'ಅಮಾನತ್' ಎಂದು ಕರೆಯುವ ಗುಣ ಇದೇ ಅಲ್ಲವೇ? ಕೊಂದು ತಿನ್ನುವ ವೈರಿಗೆ ಕೊಟ್ಟ ಮಾತನ್ನೂ ಪಾಲಿಸಬೇಕೇ? ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದು ಸರಿಯೇ? ಅದು ಹಸಿದದ್ದು ಅದರ ತಪ್ಪೇ? ಹತ್ತು ವರ್ಷದ ಮಕ್ಕಳ ಮುಂದೆ ಈ ಪ್ರಶ್ನೆಗಳನ್ನಿಟ್ಟು ಸುಮ್ಮನೆ ಕುಳಿತರೆ, ನಮಗೆ ಹೊಳೆಯದ ಉತ್ತರಗಳು ಅವರಿಂದ ಬರುತ್ತವೆ. ಅಮೃತ ಮಹಲ್ ತಳಿಯ ರಾಸುಗಳಿಗೆ ಹೆಸರಾದ ಅಜ್ಜಂಪುರದ ಮಕ್ಕಳಿಗಂತೂ ಈ ಕಥೆ ಕಣ್ಣೆದುರಿನದೇ. ಮೈಸೂರಿನ ಒಡೆಯರು ಬೆಳೆಸಿದ, ಟಿಪ್ಪು ಸುಲ್ತಾನರ ಕಾಲದಲ್ಲಿ ಇಂದಿನ ಹೆಸರು ಪಡೆದ ಆ ರಾಸುಗಳ ಚರಿತ್ರೆಯನ್ನೂ ಅದೇ ದಿನ ಹೇಳಬಹುದು.

ಚರ್ಚೆಗೆ ಕೆಲವು ನಿಯಮಗಳಿದ್ದರೆ ಒಳ್ಳೆಯದು. ಹಿರಿಯರು ಕೊನೆಯಲ್ಲಿ ಮಾತಾಡಬೇಕು. ಒಬ್ಬರು ಹೇಳುವಾಗ ಉಳಿದವರು ಕೇಳಬೇಕು. ಒಪ್ಪದವರು ಕಾರಣ ಹೇಳಬೇಕು. ಯಾವ ಪ್ರಶ್ನೆಯನ್ನೂ ನಕ್ಕು ತಳ್ಳಿಹಾಕಬಾರದು. ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಮುಂದಿನ ವಾರ ಹುಡುಕೋಣ' ಎನ್ನಬೇಕು. ಬಹುಮಾನ, ಅಂಕ, ರ‍್ಯಾಂಕುಗಳು ಈ ಚಾಪೆಯ ಮೇಲೆ ಬೇಡವೇ ಬೇಡ. ಅವಕ್ಕೆ ಬೇರೆ ಜಾಗಗಳು ಧಾರಾಳವಾಗಿವೆ.

ಜಪಾನಿನ ತೆತ್ಸುಕೋ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ 1981ರಲ್ಲಿ ಪ್ರಕಟಿಸಿದ 'ತೊತ್ತೋಚಾನ್' ಪುಸ್ತಕ ವಿ. ಗಾಯತ್ರಿಯವರ ಅನುವಾದದಲ್ಲಿ ಕನ್ನಡಕ್ಕೂ ಬಂದಿದೆ. ಹಿಂದಿನ ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಬಾಲಕಿಯ ಮಾತನ್ನು ಹೊಸ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ಮೊದಲ ದಿನವೇ ನಾಲ್ಕು ಗಂಟೆಗಳ ಕಾಲ ಕೇಳುತ್ತಾರೆ. ಹಳೆಯ ರೈಲು ಬೋಗಿಗಳೇ ಅಲ್ಲಿಯ ತರಗತಿಗಳು. ಮಕ್ಕಳ ಊಟದ ಡಬ್ಬಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ತಿನಿಸು ಇರಬೇಕೆಂಬುದು ಅಲ್ಲಿಯ ಪದ್ಧತಿ. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು, ಆದರೆ ಕೇಳಿಸಿಕೊಂಡ ಮಗು ಅದನ್ನು ಮರೆಯಲಿಲ್ಲ. ರೈಲಿನ ಶಿಳ್ಳೆ ಕೇಳುತ್ತಾ ಬೆಳೆಯುವ ಕಡೂರು, ಬೀರೂರಿನ ಮಕ್ಕಳ ಓದುಕೂಟಕ್ಕೆ ಇದಕ್ಕಿಂತ ತಕ್ಕ ಪುಸ್ತಕ ಬೇಕೇ? ಓದಿ ಮುಗಿದ ದಿನ ಅವರೂ ಲೆಕ್ಕ ಹಾಕಲಿ: ನಮ್ಮ ಡಬ್ಬಿಯಲ್ಲಿ ಬಯಲಿನದ್ದೇನಿದೆ, ಮಲೆನಾಡಿನದ್ದೇನಿದೆ? ಕಡೂರಿನ ರಾಗಿ ಮತ್ತು ತೆಂಗು, ಅಜ್ಜಂಪುರದ ಈರುಳ್ಳಿ, ತರೀಕೆರೆಯ ಆಚೆಗೆ ಕೆಮ್ಮಣ್ಣುಗುಂಡಿಯ ಬೆಟ್ಟಗಳ ಕಾಫಿ. ಆ ಕಾಫಿಯ ಬೀಜಗಳನ್ನು ಬಾಬಾ ಬುಡನ್‌ರು ಅರಬ್ ನಾಡಿನಿಂದ ತಂದರೆಂಬ ಐತಿಹ್ಯ ಇದೇ ಗಿರಿಶ್ರೇಣಿಯದು. ವರ್ಷಕ್ಕೊಮ್ಮೆ ವಿವಾದದ ಸುದ್ದಿಯಾಗಿ ಮಾತ್ರ ಮಕ್ಕಳ ಕಿವಿಗೆ ಬೀಳುವ ಆ ಹೆಸರು ಒಂದು ಲೋಟ ಕಾಫಿಯ ಮೂಲಕ ತಲುಪಿದರೆ ನಷ್ಟವೇನು?

ಅಡುಗೆಯ ಮಾತು ಬಂದಾಗ ಕೆಲವರು ನಗಬಹುದು, ಓದಿಗೂ ಒಲೆಗೂ ಏನು ಸಂಬಂಧವೆಂದು ಕೇಳಬಹುದು. ಅಡುಗೆಯ ವಿಧಾನವೂ ಒಂದು ಬರಹವೇ. ಅದರಲ್ಲಿ ಅಳತೆಯಿದೆ, ಕ್ರಮವಿದೆ, ಕಾರಣವಿದೆ. ಒಂದು ಸಾಲು ಬಿಟ್ಟು ಓದಿದರೆ ಫಲಿತಾಂಶ ತಟ್ಟೆಯಲ್ಲೇ ಕಾಣುತ್ತದೆ. ಹತ್ತನೆಯ ಶತಮಾನದ ಬಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಖ್ ಪಾಕಶಾಸ್ತ್ರದ ಗ್ರಂಥ ಸಂಕಲಿಸಿದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಕನ್ನಡದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಪದ್ಯದಲ್ಲೇ ಬರೆದ. ವಿದ್ವಾಂಸರಿಗೆ ನಾಚಿಕೆಯೆನಿಸದ ವಿಷಯ ನಮಗೇಕೆ ಹಗುರವಾಗಬೇಕು?

ಒಲೆ ಹಚ್ಚದೆ ಮಾಡಬಹುದಾದ ತಿನಿಸುಗಳಿಂದ ಆರಂಭಿಸಬಹುದು. ಬೀಜ ತೆಗೆದ ಖರ್ಜೂರ ಒಂದು ಲೋಟ, ಕೊಬ್ಬರಿ ತುರಿ ಅರ್ಧ ಲೋಟ, ಹುರಿದು ಕುಟ್ಟಿದ ಶೇಂಗಾ ಅರ್ಧ ಲೋಟ, ಪುಡಿ ಮಾಡಿದ ಏಲಕ್ಕಿ ಎರಡು. ಚೆನ್ನಾಗಿ ನಾದಿ ಉಂಡೆ ಕಟ್ಟಿದರೆ ಹನ್ನೆರಡು ಮಕ್ಕಳಿಗೆ ಒಂದೊಂದು. ಇಪ್ಪತ್ತನಾಲ್ಕು ಮಕ್ಕಳು ಬಂದರೆ ಎಷ್ಟು ಬೇಕು, ಆರೇ ಮಂದಿ ಬಂದರೆ ಎಷ್ಟು? ಶಾಲೆಯಲ್ಲಿ ಬೆದರಿಸುವ ಭಿನ್ನರಾಶಿ ಇಲ್ಲಿ ಬಾಯಲ್ಲಿ ಕರಗುತ್ತದೆ. ಇನ್ನೊಂದು ವಾರ ಮಂಡಕ್ಕಿ ಕಲಸಬಹುದು, ಮತ್ತೊಂದು ವಾರ ಹೆಸರುಬೇಳೆ ಕೋಸಂಬರಿ. ನೆರೆಮನೆಯ ಹಿಂದೂ, ಕ್ರೈಸ್ತ ಮಕ್ಕಳೂ ಸಂಕೋಚವಿಲ್ಲದೆ ತಿನ್ನುವಂಥ ತಿನಿಸನ್ನೇ ಆರಿಸಿಕೊಳ್ಳುವುದು ವಿವೇಕ. ಹುಡುಗರೂ ತುರಿಯಬೇಕು, ಕಲಸಬೇಕು, ಕೊನೆಗೆ ಪಾತ್ರೆ ತೊಳೆಯಬೇಕು. ಮನೆಗೆಲಸಗಳಲ್ಲಿ ಕೈಜೋಡಿಸುತ್ತಿದ್ದ, ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದ ಪ್ರವಾದಿವರ್ಯರ(ಸ) ಬದುಕನ್ನು ವೇದಿಕೆಯಲ್ಲಿ ಬಣ್ಣಿಸುವ ನಾವು, ನೀರು ಕುಡಿದ ಲೋಟವನ್ನು ತಂಗಿ ಎತ್ತಲೆಂದು ಕಾಯುವ ಗಂಡುಮಕ್ಕಳನ್ನು ಬೆಳೆಸುತ್ತಿಲ್ಲವೇ?

ಇದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಪ್ರತಿಯೊಂದು ಮಗು ತನ್ನ ದಾದಿ ಅಥವಾ ನಾನಿಯ ಒಂದು ಅಡುಗೆಯನ್ನು ಕೇಳಿ ಬರೆದು ತರಲಿ. ಹಿರಿಯ ಹೆಂಗಸರಿಗೆ ಅಳತೆಯೆಂದರೆ ಅಂದಾಜು. 'ಒಂದಿಷ್ಟು', 'ಬಣ್ಣ ಬರುವವರೆಗೆ', 'ಕೈಗೆ ತಿಳಿಯುತ್ತದೆ' ಎಂಬ ಮಾತುಗಳನ್ನು ಲೋಟ, ಚಮಚ, ನಿಮಿಷಗಳಾಗಿ ಬರೆದಿಡಬೇಕಾದರೆ ಮಗು ಅವರ ಪಕ್ಕದಲ್ಲಿ ಕುಳಿತು ನೋಡಬೇಕು, ಮತ್ತೆ ಮತ್ತೆ ಕೇಳಬೇಕು. ದಖ್ಖನಿಯಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕು. ಅಕ್ಷರ ಕಲಿಯದ ಅಜ್ಜಿಯೊಬ್ಬಳು ತನ್ನ ಮೊಮ್ಮಗಳ ಬರಹದ ಮೂಲಕ ಗ್ರಂಥಕರ್ತೆಯಾಗುವ ಕ್ಷಣವದು. ಇನ್ನು ಹತ್ತು ವರ್ಷ ಕಳೆದರೆ ಆ ಅಜ್ಜಿಯೂ ಇರುವುದಿಲ್ಲ, ಆ ರುಚಿಯೂ ಉಳಿಯುವುದಿಲ್ಲ.

ಬರೆದದ್ದನ್ನು ಪುಸ್ತಕವಾಗಿಸುವುದೇ ಕೈಕೆಲಸ. ಒಂದು ಹಾಳೆಯನ್ನು ಮೂರು ಬಾರಿ ಮಡಿಸಿ ಬಿಚ್ಚಿದರೆ ಎಂಟು ಮನೆಗಳಾಗುತ್ತವೆ. ಮಧ್ಯದ ಗೆರೆಯಲ್ಲಿ ನಡುವಿನ ಎರಡು ಮನೆಗಳಷ್ಟು ಉದ್ದ ಕತ್ತರಿಸಿ ಮತ್ತೆ ಮಡಿಸಿದರೆ ಹೊಲಿಗೆಯೂ ಅಂಟೂ ಇಲ್ಲದ ಎಂಟು ಪುಟಗಳ ಪುಸ್ತಕ ಸಿದ್ಧ. ಮುಖಪುಟಕ್ಕೆ ಮಗುವಿನ ಹೆಸರು, ಒಳಗೆ ಅಜ್ಜಿಯ ಹೆಸರು. ಮುಖವಾಡ, ಗೊಂಬೆಗಳು ಬೇಡವೆನ್ನುವ ಮನೆಗಳಿದ್ದರೆ ಜಗಳವೇಕೆ? ಅಕ್ಷರಗಳ ಅಲಂಕಾರ, ಸ್ಕೇಲು-ಕೈವಾರದಿಂದ ಬಿಡಿಸುವ ನಕ್ಷತ್ರದ ವಿನ್ಯಾಸ, ಪುಸ್ತಕಕ್ಕೆ ರಟ್ಟು ಕಟ್ಟುವುದು, ಊರಿನ ನಕ್ಷೆ ಬಿಡಿಸುವುದು ಇವೆಲ್ಲವೂ ಕೈಕೆಲಸಗಳೇ. ಕಡೂರಿನ ಮಕ್ಕಳು ಮದಗದ ಕೆರೆಯ ನಕ್ಷೆ ಬಿಡಿಸಲಿ, ಆ ಕೆರೆಯ ಜಾನಪದ ಹಾಡಿನ ಕಥೆ ಕೇಳಲಿ. ತರೀಕೆರೆಯ ಏರಿಯ ಮೇಲಿನ ಕರಿ ಕುರಿಮರಿಗಳ ನಾಲಿಗೆ ತೊಡರಿಸುವ ಮಾತು ಯಾವ ಮಗುವಿಗೆ ಗೊತ್ತಿಲ್ಲ? ಅಜ್ಜಂಪುರವನ್ನು ತಮ್ಮ ಹೆಸರಿನೊಂದಿಗೇ ಕೊಂಡೊಯ್ದ ಕಥೆಗಾರ ಅಜ್ಜಂಪುರ ಸೀತಾರಾಮ್ 'ಆನಂದ' ಎಂಬ ಕಾವ್ಯನಾಮದಿಂದ ಕನ್ನಡಕ್ಕೆ ಪರಿಚಿತರು. 'ಜೈಮಿನಿ ಭಾರತ'ದ ಲಕ್ಷ್ಮೀಶನ ದೇವನೂರು ಕಡೂರು ತಾಲೂಕಿನದು. ಇದು ನಮ್ಮ ಮಕ್ಕಳದೂ ಊರು, ಈ ಪರಂಪರೆಯೂ ಅವರದೇ ಎಂದು ಹೇಳಬೇಕಾದವರು ನಾವು.

ಯಾವ ಭಾಷೆಯಲ್ಲಿ ಓದಬೇಕೆಂಬ ಪ್ರಶ್ನೆ ಸಹಜ. ಮಾತು ಯಾವ ಭಾಷೆಯಲ್ಲಾದರೂ ಇರಲಿ, ಪುಸ್ತಕ ಕನ್ನಡದ್ದಿರಲಿ. ಉರ್ದು ಓದಬಲ್ಲ ಮಕ್ಕಳಿದ್ದರೆ ಉರ್ದುವಿನದ್ದೂ ಇರಲಿ. ಭಾಷೆಗಳು ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಪಂಚತಂತ್ರವೇ ಸಾಕ್ಷಿ. ಆರನೆಯ ಶತಮಾನದಲ್ಲಿ ಅದು ಭಾರತದಿಂದ ಪರ್ಷಿಯಾದ ಪಹ್ಲವಿ ಭಾಷೆಗೆ ಹೋಯಿತು. ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅದನ್ನು ಅರಬಿಗೆ ತಂದಾಗ ಕರಟಕ, ದಮನಕ ಎಂಬ ನರಿಗಳು ಕಲೀಲ, ದಿಮ್ನ ಆದವು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡದಲ್ಲಿ ಬರೆದ. ಮದ್ರಸದ ಅರಬಿ ಸಾಹಿತ್ಯದಲ್ಲೂ ಕಾಲೇಜಿನ ಕನ್ನಡ ತರಗತಿಯಲ್ಲೂ ಭೇಟಿಯಾಗುವ ಈ ನರಿಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಿದರೆ, ತನ್ನ ಎರಡು ಲೋಕಗಳು ಬೇರೆಬೇರೆಯಲ್ಲವೆಂದು ಮಗು ಸ್ವತಃ ಕಂಡುಕೊಳ್ಳುತ್ತದೆ.

ಪುಸ್ತಕ ಎಲ್ಲಿಂದ ಬರಬೇಕು? ಹನ್ನೆರಡು ಮನೆಗಳು ತಿಂಗಳಿಗೆ ಐವತ್ತು ರೂಪಾಯಿ ಕೊಟ್ಟರೆ ವರ್ಷಕ್ಕೆ 7,200 ರೂಪಾಯಿಗಳಾಗುತ್ತವೆ. ಒಂದು ಮದುವೆಯ ಪಂಡಾಲಿನ ದೀಪಾಲಂಕಾರಕ್ಕೂ ಸಾಲದ ಹಣ, ಆದರೆ ಪುಟ್ಟದೊಂದು ಪುಸ್ತಕ ಪೆಟ್ಟಿಗೆಗೆ ಸಾಕು. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಮುಂತಾದ ಪ್ರಕಾಶನಗಳ ಮಕ್ಕಳ ಪುಸ್ತಕಗಳು ಕೈಗೆಟಕುವ ಬೆಲೆಯವೇ. ಅದಕ್ಕಿಂತ ಮುಖ್ಯವಾಗಿ, ನಾವು ಈಗಾಗಲೇ ಹಣ ಕೊಟ್ಟಿದ್ದೇವೆ! 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯನ್ವಯ ಪಟ್ಟಣಗಳ ಆಸ್ತಿ ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆ ಗ್ರಂಥಾಲಯಕ್ಕೆ 120 ರೂಪಾಯಿ ಕೊಡುತ್ತಿದೆ. ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ ಈ ಕರ ಇಲಾಖೆಗೆ ಸಕಾಲಕ್ಕೆ ತಲುಪುವುದಿಲ್ಲವೆಂಬ ದೂರು ರಾಜ್ಯದಲ್ಲಿ ಹಳೆಯದು. ರಸ್ತೆ, ಚರಂಡಿಗಾಗಿ ಪುರಸಭೆಯ ಬಾಗಿಲು ತಟ್ಟುವ ನಾವು ಮಕ್ಕಳ ಪುಸ್ತಕಕ್ಕಾಗಿ ಒಮ್ಮೆಯಾದರೂ ಅರ್ಜಿ ಬರೆದಿದ್ದೇವೆಯೇ? ಸುತ್ತಲಿನ ಹಳ್ಳಿಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಉಚಿತ. ಹಳ್ಳಿಗಿರುವ ಸೌಲಭ್ಯವನ್ನು ಪಟ್ಟಣದ ಮಕ್ಕಳಿಗೂ ಕೇಳುವುದು ನಮ್ಮ ಹಕ್ಕು.

ಕೂಟವನ್ನು ನಡೆಸುವವರು ಯಾರು? ಪದವಿ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳಿದ್ದಾರೆ. ನಿವೃತ್ತ ಶಿಕ್ಷಕರಿದ್ದಾರೆ. ಅವರು ನಮ್ಮ ಸಮುದಾಯದವರೇ ಆಗಿರಬೇಕೆಂಬ ನಿಬಂಧನೆ ಬೇಡ. ಬದ್ರ್‌ನ ಯುದ್ಧದಲ್ಲಿ ಸೆರೆಸಿಕ್ಕ ಅಕ್ಷರಸ್ಥರಿಗೆ ಮದೀನಾದ ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಬಿಡುಗಡೆಯ ಹಣವಾಗಿ ಗೊತ್ತುಪಡಿಸಲಾಯಿತೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ನಿನ್ನೆಯವರೆಗೆ ಖಡ್ಗ ಹಿಡಿದು ಎದುರು ನಿಂತವರನ್ನೇ ಉಪಾಧ್ಯಾಯರನ್ನಾಗಿ ಸ್ವೀಕರಿಸಿದ ಇತಿಹಾಸವುಳ್ಳವರು, ಎದುರು ಮನೆಯ ಕನ್ನಡ ಮೇಡಮ್ಮನವರನ್ನು ಕರೆಯಲು ಹಿಂಜರಿಯಬೇಕೇ?

ಕಥೆ ಪುಸ್ತಕ ಓದಿದರೆ ಮಕ್ಕಳು ದಾರಿ ತಪ್ಪುತ್ತಾರೆಂಬ ಭಯ ಕೆಲವು ಹಿರಿಯರಲ್ಲಿದೆ. ಆ ಭಯವನ್ನು ಹಗುರವಾಗಿ ಕಾಣಬೇಕಿಲ್ಲ. ಮಗು ಏನು ಓದುತ್ತಿದೆಯೆಂದು ತಿಳಿಯುವುದು ಹೆತ್ತವರ ಕರ್ತವ್ಯ. ಆದರೆ ಅದೇ ಮಗುವಿನ ಕೈಯಲ್ಲಿ ದಿನಕ್ಕೆ ಗಂಟೆಗಟ್ಟಲೆ ಮೊಬೈಲ್ ಇದೆ, ಅದರಲ್ಲಿ ಏನು ಬರುತ್ತಿದೆಯೆಂದು ಕೇಳುವವರಿಲ್ಲ. ಎಲ್ಲರ ಮುಂದೆ ತೆರೆದು ಓದಿ, ಎಲ್ಲರೂ ಚರ್ಚಿಸುವ ಪುಸ್ತಕಕ್ಕಿಂತ ಮುಚ್ಚಿದ ಕೋಣೆಯ ಆ ಪರದೆಯೇ ಸುರಕ್ಷಿತವೆಂದು ನಾವು ನಿಜಕ್ಕೂ ನಂಬಿದ್ದೇವೆಯೇ? ಸಮಯವಿಲ್ಲವೆಂಬ ವಾದಕ್ಕೂ ಇದೇ ಉತ್ತರ.

2006ರ ಸಾಚಾರ್ ಸಮಿತಿಯ ವರದಿ ನಮ್ಮ ಕೈಗೆ ಕನ್ನಡಿ ಕೊಟ್ಟಿತ್ತು. 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಸುಮಾರು ಶೇ. 65 ಇದ್ದಾಗ ಮುಸ್ಲಿಮರದ್ದು ಶೇ. 59.1 ಆಗಿತ್ತು. ಆ ಬಳಿಕ ಶಾಲೆಗೆ ಹೋಗುವ ಮಕ್ಕಳು ಹೆಚ್ಚಿದ್ದಾರೆ, ಹೆಣ್ಣುಮಕ್ಕಳು ಮುಂದೆ ಬಂದಿದ್ದಾರೆ. ಆದರೆ ಹೆಸರು ಬರೆಯಲು ಬರುವುದು ಬೇರೆ, ಓದಿದ್ದನ್ನು ತೂಗಿ ನೋಡಲು ಬರುವುದು ಬೇರೆ. ಇಂದು ವದಂತಿಯೊಂದು ಬೆಳಗಿನ ಚಹಾ ಆರುವುದರೊಳಗೆ ತಾಲೂಕಿನ ತುಂಬ ಹರಡುತ್ತದೆ. ಅದನ್ನು ಕಂಡಾಗ 'ಇದನ್ನು ಹೇಳಿದವರು ಯಾರು? ಆಧಾರವೇನು?' ಎಂದು ಕೇಳಬಲ್ಲ ಹುಡುಗ ಬೀದಿಗಿಳಿಯುವುದಿಲ್ಲ. ತನ್ನ ಮಾತನ್ನು ಕಾರಣಸಹಿತ ಹೇಳಬಲ್ಲ ಹುಡುಗಿ, ಓದು ನಿಲ್ಲಿಸುವಂತೆ ಮನೆಯವರು ಹೇಳಿದ ದಿನ ತನ್ನ ಪರವಾಗಿ ತಾನೇ ವಾದಿಸಬಲ್ಲಳು. ಆ ಹುಡುಗನ ಭವಿಷ್ಯ, ಆ ಹುಡುಗಿಯ ಶಿಕ್ಷಣ, ಈ ಊರುಗಳ ನೆಮ್ಮದಿ ಇವೆಲ್ಲ ಈ ಸಣ್ಣ ಚಾಪೆಯ ಮೇಲಿನ ಮಾತುಕತೆಯೊಂದಿಗೆ ನಂಟು ಹೊಂದಿವೆ.

ಓದಬೇಕೆಂಬ ಆಜ್ಞೆಯೇ ಮೊದಲ ದಿವ್ಯವಾಣಿಯಾಗಿ ಅವತೀರ್ಣಗೊಂಡ ಧರ್ಮದ ಅನುಯಾಯಿಗಳು ನಾವು. ಅದನ್ನು ಭಾಷಣಗಳಲ್ಲಿ ಕೇಳಿದ್ದು ಸಾಕು. ಬರುವ ಭಾನುವಾರ ಅಸ್ರ್ ನಮಾಝಿನ ಬಳಿಕ ಕಡೂರಿನಲ್ಲೊಂದು, ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು ಮನೆಯ ಜಗಲಿಯಲ್ಲಿ ಚಾಪೆ ಹಾಸಲಿ. ಒಂದು ಪುಸ್ತಕ, ಒಂದು ತಟ್ಟೆ ಖರ್ಜೂರದ ಉಂಡೆ, ಹತ್ತು ಮಕ್ಕಳು. ಜಮಾಅತ್ ಸಮಿತಿಯ ನಿರ್ಣಯಕ್ಕಾಗಿ ಕಾಯಬೇಕಾದ ಕೆಲಸ ಇದಲ್ಲ, ಒಬ್ಬ ತಾಯಿ ಮನಸ್ಸು ಮಾಡಿದರೆ ಸಾಕು.